ನಾದದಲ್ಲಿ ಗ್ರಂಥಪಾತ
(ಬಾನುಲಿ ಭಾಷಣ)

ಸಂಗೀತವನ್ನು ಮುದ್ರಿಸಿಡುವುದು ಒಂದು ಕಾಲಕ್ಕೆ ದೊಡ್ಡ ಕಂಪನಿಗಳಿಗೆ ಮಾತ್ರ ಸಾಧ್ಯವಿದ್ದ ಕಾರ್ಯ. 1902ರ ನವೆಂಬರಿನಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಕಂಠವನ್ನು ಮುದ್ರಿಸಿದಾಗ, ಆಕೆ ತುತ್ತೂರಿಯಂಥ ಕೊಳವೆಯ ಬಾಯಿಗೆ ಮುಖಗೊಟ್ಟು ಹಾಡಬೇಕಾಗಿತ್ತು. ರಾಗದ ವಿಸ್ತಾರವೆಲ್ಲ ಸುಮಾರು ಮೂರು ನಿಮಿಷಗಳಲ್ಲಿ ಮುಗಿಯಬೇಕಾಗಿತ್ತು. ಇಂದು ಮನೆಯ ಮೇಜಿನ ಮೇಲೆ ಒಂದು ಕಂಪ್ಯೂಟರು, ಒಂದು ಮೈಕು, ಅವೆರಡರ ನಡುವೆ ‘ಆಡಿಯೋ ಇಂಟರ್‌ಫೇಸ್’ ಎಂಬ ಚಿಕ್ಕ ಪೆಟ್ಟಿಗೆ ಇಷ್ಟಿದ್ದರೆ ಸಾಕು. ವೀಣೆ ಕಲಿಯುವ ಮೊಮ್ಮಗಳ ಅಭ್ಯಾಸವನ್ನಾಗಲಿ, ಎಂಬತ್ತು ದಾಟಿದ ಅಜ್ಜಿಯ ನಾಲಗೆಯಲ್ಲಿ ಮಾತ್ರ ಉಳಿದಿರುವ ಹಸೆಯ ಹಾಡನ್ನಾಗಲಿ ಹಿಡಿದಿಡಬಹುದು.

ಆದರೆ ಮುದ್ರಿಸಿದ್ದನ್ನು ಮರಳಿ ಕೇಳುವಾಗ ನಡುನಡುವೆ ‘ಟಕ್’ ಎಂಬ ಸದ್ದು. ಕೆಲವೆಡೆ ಎಣ್ಣೆಯಲ್ಲಿ ಸಾಸಿವೆ ಸಿಡಿದಂತೆ ಚಿಟಚಿಟ. ಇನ್ನು ಕೆಲವೆಡೆ ಸ್ವರವೇ ಕ್ಷಣಕಾಲ ಮಾಯ. ಹಾಡಿದವರು ತಮ್ಮ ಕಂಠವೇ ಒಡೆಯಿತೇನೋ ಎಂದು ಸಂಕೋಚಪಡುತ್ತಾರೆ. ಮನೆಯವರು ಮೈಕು ಕೆಟ್ಟಿತೆಂದು ಹೊಸದನ್ನು ತರಲು ಹೊರಡುತ್ತಾರೆ. ಅನೇಕ ವೇಳೆ ಈ ಎರಡು ತೀರ್ಮಾನಗಳೂ ನಿಜವಲ್ಲ.

ಹಳೆಯ ತಾಳೆಯೋಲೆಯ ಪ್ರತಿಗಳನ್ನು ಓದಿದವರಿಗೆ ಇದು ಪರಿಚಿತವಾದ ಸನ್ನಿವೇಶ. ಪದ್ಯದ ನಡುವೆ ಎರಡಕ್ಷರ ಬಿಟ್ಟುಹೋಗಿ ಛಂದಸ್ಸು ಕೆಟ್ಟಿದ್ದರೆ ಅದನ್ನು ಕವಿಯ ದೋಷವೆಂದು ಯಾರೂ ಹೇಳುವುದಿಲ್ಲ; ಅದು ಲಿಪಿಕಾರನ ಕೈತಪ್ಪು. ಹೀಗೆ ಬಿಟ್ಟುಹೋದುದನ್ನು ಗ್ರಂಥಪಾತವೆಂದು ಕರೆಯುತ್ತೇವೆ. ಕಂಪ್ಯೂಟರಿನಲ್ಲಿ ಕೇಳಿಬರುವ ‘ಟಕ್’ ಎಂಬುದೂ ಬಹುಮಟ್ಟಿಗೆ ಇಂಥ ಗ್ರಂಥಪಾತವೇ. ಹಾಡಿದವರು ಸರಿಯಾಗಿ ಹಾಡಿದ್ದಾರೆ, ಮೈಕು ಸರಿಯಾಗಿ ಕೇಳಿಸಿಕೊಂಡಿದೆ. ಬರೆದುಕೊಳ್ಳುವ ಲಿಪಿಕಾರ ಮಾತ್ರ ಒಂದು ಗಳಿಗೆ ಹಿಂದೆ ಬಿದ್ದಿದ್ದಾನೆ.

ಹಿಂದೆ ಬೀಳುವುದೆಂದರೇನು? ಕಂಪ್ಯೂಟರು ನಾದವನ್ನು ನಾದವಾಗಿ ಇಡಲಾರದು, ಅಂಕಿಗಳಾಗಿ ಇಡುತ್ತದೆ. 1982ರಲ್ಲಿ ಮಾರುಕಟ್ಟೆಗೆ ಬಂದ ಕಾಂಪ್ಯಾಕ್ಟ್ ಡಿಸ್ಕಿನ ಕ್ರಮದಂತೆ, ಒಂದು ಸೆಕೆಂಡಿಗೆ 44,100 ಸಲ ಧ್ವನಿಯ ಅಲೆಯನ್ನು ಅಳೆದು ಅಷ್ಟು ಅಂಕಿಗಳನ್ನು ಬರೆದುಕೊಳ್ಳಬೇಕು. ಈ ಅಳತೆಗೆ ‘ಸ್ಯಾಂಪಲ್’ ಎಂದು ಹೆಸರು. ಇವು ತಡೆಯಿಲ್ಲದೆ ಬರುತ್ತಲೇ ಇರುತ್ತವೆ. ಕಂಪ್ಯೂಟರಾದರೋ ಏಕಕಾಲಕ್ಕೆ ಹತ್ತು ಕೆಲಸಗಳನ್ನು ಹಚ್ಚಿಕೊಂಡಿರುವ ಯಂತ್ರ. ಆದುದರಿಂದ ಬಂದ ಅಂಕಿಗಳು ತುಸು ಹೊತ್ತು ತಂಗಲು ಒಂದು ಎಡೆ ಬೇಕು. ಅದೇ ‘ಬಫರ್’.

ಬಫರನ್ನು ನಲ್ಲಿಯ ಕೆಳಗಿನ ತೊಟ್ಟಿಯೆಂದು ಭಾವಿಸೋಣ. ನಲ್ಲಿ ಒಂದೇ ಸಮನೆ ಸುರಿಯುತ್ತಿದೆ. ಆಳು ಆಗಾಗ ಬಂದು ನೀರನ್ನು ಬಿಂದಿಗೆಯಲ್ಲಿ ಒಳಗೊಯ್ಯುತ್ತಾನೆ. ಅವನು ಬರುವುದು ತಡವಾದರೆ ತೊಟ್ಟಿ ತುಂಬಿ ನೀರು ಹೊರಚೆಲ್ಲುತ್ತದೆ. ಹಾಗೆ ಚೆಲ್ಲಿದ ಅಂಕಿಗಳು ಶಾಶ್ವತವಾಗಿ ನಷ್ಟ. ಮುದ್ರಿಸಿದ್ದನ್ನು ಕೇಳುವಾಗ ನಡೆಯುವುದು ಇದರ ವಿಲೋಮ. ಆಳು ಒಳಗಿನಿಂದ ನೀರು ತಂದು ಸುರಿಯಬೇಕು. ತಡಮಾಡಿದರೆ ತೊಟ್ಟಿ ಬರಿದಾಗಿ ಧಾರೆ ಕಡಿಯುತ್ತದೆ. ಎರಡು ಕಡೆಯಲ್ಲಿಯೂ ಅಲೆ ಮೆಲ್ಲನೆ ಇಳಿಯುವ ಬದಲು ಒಂದೆಡೆಯಿಂದ ಇನ್ನೊಂದೆಡೆಗೆ ನೆಗೆಯುತ್ತದೆ. ಆ ನೆಗೆತವೇ ನಮಗೆ ‘ಟಕ್’ ಎಂದು ಕೇಳಿಸುವುದು. ತಂಬೂರಿಯಂಥ ಅಖಂಡ ನಾದದಲ್ಲಿ ಇದು ಎದ್ದು ಕೇಳುತ್ತದೆ. ಮೃದಂಗದ ಹೊಡೆತಗಳ ನಡುವೆ ಅಡಗಿಕೊಳ್ಳಬಹುದು.

ಈ ಎರಡು ದೋಷಗಳೂ ಕಿವಿಗೆ ಒಂದೇ ಬಗೆಯಾದರೂ ಪರಿಣಾಮದಲ್ಲಿ ಬೇರೆ ಬೇರೆ. ಮೊದಲನೆಯದು ಮುದ್ರಣದೊಳಗೇ ಸೇರಿಹೋದ ಗಾಯ; ಎರಡನೆಯದು ಕೇಳುವ ಹೊತ್ತಿನ ತೊಡಕು ಮಾತ್ರ, ಮುದ್ರಣ ಅಕ್ಷತವಾಗಿರುತ್ತದೆ. ಇದನ್ನರಿಯದೆ ಒಳ್ಳೆಯ ಮುದ್ರಣಗಳನ್ನು ಅಳಿಸಿಹಾಕುವವರುಂಟು. ಅಜ್ಜಿ ಆ ಹಾಡನ್ನು ಮತ್ತೊಮ್ಮೆ ಅದೇ ಉಸಿರಿನಲ್ಲಿ ಹಾಡುವರೆಂಬ ಭರವಸೆ ಎಲ್ಲಿಯದು? ಆದ್ದರಿಂದ ಅಳಿಸುವ ಮೊದಲು ಪರೀಕ್ಷಿಸಬೇಕು. ಪರೀಕ್ಷೆಯ ಕ್ರಮ ಗ್ರಂಥಸಂಪಾದನೆಯದೇ: ಪ್ರತಿಗಳನ್ನು ಹೋಲಿಸಿ ನೋಡುವುದು. ಅದೇ ಭಾಗವನ್ನು ಮೂರು ಸಲ ಕೇಳಿ. ಸದ್ದು ಮೂರು ಸಲವೂ ಅದೇ ಅಕ್ಷರದ ಮೇಲೆ ಬಿದ್ದರೆ ಅದು ಮುದ್ರಣದೊಳಗಿರುವ ಸಂಭವ ಹೆಚ್ಚು. ಒಮ್ಮೆ ಇಲ್ಲಿ ಒಮ್ಮೆ ಅಲ್ಲಿ ಕೇಳಿಸಿದರೆ ಅದು ಕೇಳುವಾಗಿನ ದೋಷ. ಮುದ್ರಣದ ಪ್ರತಿಯೊಂದನ್ನು ಬೇರೊಂದು ಯಂತ್ರದಲ್ಲಿ ಕೇಳಿದರೆ ಉಳಿದ ಸಂಶಯವೂ ಪರಿಹಾರವಾಗುತ್ತದೆ.

ಇನ್ನು ಪರಿಹಾರ. ಮೊದಲನೆಯದು ತೊಟ್ಟಿಯನ್ನು ದೊಡ್ಡದು ಮಾಡುವುದು. ಮುದ್ರಣದ ತಂತ್ರಾಂಶದಲ್ಲಿ ಬಫರಿನ ಅಳತೆ 64, 128, 256, 512, 1024 ಎಂದು ಇಮ್ಮಡಿಯಾಗುತ್ತ ಹೋಗುತ್ತದೆ. ದೊಡ್ಡದಾದಷ್ಟೂ ಆಳಿಗೆ ಬಿಡುವು ಹೆಚ್ಚು. ಆದರೆ ಇದಕ್ಕೊಂದು ಬೆಲೆಯಿದೆ. 256 ಸ್ಯಾಂಪಲ್ಲಿನ ತೊಟ್ಟಿ ತುಂಬಲು ಸುಮಾರು 6 ಮಿಲಿಸೆಕೆಂಡು ಬೇಕು. 1024ಕ್ಕೆ ಸುಮಾರು 23. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 343 ಮೀಟರು ಸಾಗುತ್ತದೆಯಾದ್ದರಿಂದ, 23 ಮಿಲಿಸೆಕೆಂಡಿನ ತಡವೆಂದರೆ ತಮ್ಮ ದನಿಯನ್ನೇ ಎಂಟು ಮೀಟರು ದೂರದಿಂದ ಕೇಳಿದ ಹಾಗೆ. ಒಳಬರುವ ಹಾದಿಯ ತಡಕ್ಕೆ ಹೊರಹೋಗುವ ಹಾದಿಯದೂ ಕೂಡುತ್ತದೆ. ಹಾಗೆ ಕೇಳಿಸಿಕೊಂಡು ಹಾಡುವವರ ತಾಳ ಜಾರದೆ ಇರದು. ಇದಕ್ಕೊಂದು ಉಪಾಯವುಂಟು. ಅನೇಕ ಪೆಟ್ಟಿಗೆಗಳಲ್ಲಿ ‘ಡೈರೆಕ್ಟ್ ಮಾನಿಟರ್’ ಎಂಬ ಏರ್ಪಾಡಿರುತ್ತದೆ. ಅದು ಹಾಡುಗಾರರ ದನಿಯನ್ನು ಕಂಪ್ಯೂಟರಿಗೆ ಹೋಗಿಬರುವ ಸುತ್ತಿಲ್ಲದೆ ನೇರವಾಗಿ ಅವರ ಕಿವಿಗೆ ಮುಟ್ಟಿಸುತ್ತದೆ. ಆಗ ಬಫರನ್ನು ನಿಶ್ಚಿಂತೆಯಿಂದ ದೊಡ್ಡದು ಮಾಡಬಹುದು. ಬ್ಲೂಟೂತ್ ಕಿವಿಯಂತ್ರಗಳ ತಡ ನೂರು ಮಿಲಿಸೆಕೆಂಡನ್ನೂ ಮೀರುವುದುಂಟಾದ್ದರಿಂದ ಈ ಕೆಲಸಕ್ಕೆ ಅವು ಸಲ್ಲವು, ತಂತಿಯವೇ ಬೇಕು.

ಎರಡನೆಯದು ಆಳಿನ ಇತರ ಕೆಲಸಗಳನ್ನು ತಪ್ಪಿಸುವುದು. ಮುದ್ರಣದ ಹೊತ್ತಿನಲ್ಲಿ ವೈ-ಫೈ ನಿಲ್ಲಿಸಬೇಕು; ತಾನಾಗಿ ನಡೆಯುವ ಅಪ್‌ಡೇಟು, ಕಡತಗಳ ನಕಲು ಮೊದಲಾದವು ಆಗ ನಡೆಯಬಾರದು. ವಿದ್ಯುತ್ತನ್ನು ಉಳಿಸಲೆಂದು ಯಂತ್ರದ ವೇಗವನ್ನು ತಗ್ಗಿಸುವ ವ್ಯವಸ್ಥೆಯನ್ನು ತೆಗೆದುಹಾಕಬೇಕು. ವಿಂಡೋಸ್ ಯಂತ್ರವಾದರೆ, ಪೆಟ್ಟಿಗೆಯ ತಯಾರಕರು ಕೊಡುವ ‘ಎಎಸ್‌ಐಒ’ ಡ್ರೈವರನ್ನೇ ಬಳಸುವುದು ಲೇಸು. ಪೆಟ್ಟಿಗೆಯ ತಂತಿಯನ್ನು ಹತ್ತು ಸಾಮಾನುಗಳು ನೇತಾಡುವ ಯುಎಸ್‌ಬಿ ಹಬ್ಬಿಗಲ್ಲದೆ ಕಂಪ್ಯೂಟರಿಗೇ ಸಿಕ್ಕಿಸಬೇಕು. ಮೈಕು ಒಂದು ಪೆಟ್ಟಿಗೆಗೂ ಕಿವಿಯಂತ್ರ ಕಂಪ್ಯೂಟರಿನ ತೂತಿಗೂ ಸೇರಿದ್ದರೆ, ಎರಡಕ್ಕೂ ಗಡಿಯಾರ ಬೇರೆ ಬೇರೆ. ಎಷ್ಟೇ ನಿಖರವಾದರೂ ಎರಡು ಗಡಿಯಾರಗಳು ಒಂದನ್ನೊಂದು ಬಿಟ್ಟು ಸರಿಯುತ್ತವೆ. ಆಗ ಬಹುಮಟ್ಟಿಗೆ ಸಮವಾದ ಅಂತರದಲ್ಲಿ ‘ಟಕ್’ ಕೇಳಿಬರುವುದುಂಟು. ಎರಡನ್ನೂ ಒಂದೇ ಪೆಟ್ಟಿಗೆಗೆ ಸೇರಿಸುವುದೇ ಇದಕ್ಕೆ ಮದ್ದು.

ಬಫರನ್ನು ಎಷ್ಟು ಹಿಗ್ಗಿಸಿದರೂ ಹೋಗದ ದೋಷಗಳೂ ಇವೆ. ತಾರಸ್ಥಾಯಿಗೆ ಏರಿದಾಗ ಮಾತ್ರ ದನಿ ಬಿರಿದಂತಾದರೆ ಅದು ತಡದ ಫಲವಲ್ಲ. ಮೈಕಿನ ಮಟ್ಟ ಅತಿಯಾಗಿ ಅಲೆಯ ನೆತ್ತಿ ಕತ್ತರಿಸಿಹೋಗಿದೆ ಎಂದರ್ಥ. ಅಳತೆಪಟ್ಟಿಯಲ್ಲಿ ಅತ್ಯುಚ್ಚ ಸ್ವರವೂ ಸೊನ್ನೆಗಿಂತ 12 ಡೆಸಿಬೆಲ್ ಕೆಳಗಿರುವಂತೆ ಮಟ್ಟವನ್ನು ಇಳಿಸಬೇಕು. ‘ಗುಂ’ ಎಂಬ ಸದ್ದು ಒಂದೇ ಸಮನೆ ಕೇಳಿದರೆ ಅದು ನಮ್ಮ ಮನೆಗಳ ವಿದ್ಯುತ್ತಿನ ಕಂಪನ, ಸೆಕೆಂಡಿಗೆ 50. ಲ್ಯಾಪ್‌ಟಾಪಿನ ಚಾರ್ಜರನ್ನು ಕಿತ್ತೊಡನೆ ಅದು ನಿಂತರೆ ದಾರಿ ತಿಳಿದಂತಾಯಿತು. ಬ್ಯಾಟರಿಯಲ್ಲಿ ನಡೆಸುವಾಗ ಮಾತ್ರ ಯಂತ್ರದ ವೇಗ ತಗ್ಗದಂತೆ ನೋಡಿಕೊಳ್ಳಬೇಕು. ಶ್ರುತಿಯೇ ಸುಮಾರು ಒಂದೂವರೆ ಸ್ವರಸ್ಥಾನ ಕೆಳಗಿಳಿದು ಹಾಡು ನಿಧಾನವಾದರೆ, 48,000ದ ಲೆಕ್ಕದಲ್ಲಿ ಮುದ್ರಿಸಿದ್ದನ್ನು 44,100ರ ಲೆಕ್ಕದಲ್ಲಿ ನುಡಿಸುತ್ತಿದ್ದೇವೆ. ಹತ್ತು ನಿಮಿಷದ ಕೀರ್ತನೆ ಆಗ ಹತ್ತಿರಹತ್ತಿರ ಹನ್ನೊಂದು ನಿಮಿಷವಾಗುತ್ತದೆ. ಲೆಕ್ಕವನ್ನು ಸರಿಪಡಿಸಿದರೆ ಸಾಕು, ಹಾಡು ಕೆಟ್ಟಿಲ್ಲ.

ಇವೆಲ್ಲವನ್ನೂ ಒಮ್ಮೆಲೇ ಮಾಡಲು ಹೋಗಬಾರದು. ಐದು ಔಷಧಗಳನ್ನು ಒಟ್ಟಿಗೆ ಕುಡಿದವನಿಗೆ ಯಾವುದರಿಂದ ಜ್ವರ ಬಿಟ್ಟಿತೆಂದು ತಿಳಿಯದು. ಒಂದನ್ನು ಬದಲಿಸಿ, ಅಷ್ಟೇ ಹೊತ್ತು ಮುದ್ರಿಸಿ, ಕೇಳಿ, ಅನಂತರ ಮುಂದಿನದಕ್ಕೆ ಕೈಹಾಕಬೇಕು. ಈ ಶೋಧನೆಯನ್ನು ಹಿರಿಯರನ್ನು ಮೈಕಿನ ಮುಂದೆ ಕೂರಿಸಿಕೊಂಡು ಮಾಡುವುದೂ ಸಲ್ಲದು. ಹಿಂದಿನ ದಿನವೇ ತಂಬೂರಿಯ ಶ್ರುತಿಯನ್ನು ಅರ್ಧ ಗಂಟೆ ಮುದ್ರಿಸಿ ಕೇಳಿದರೆ ಯಂತ್ರದ ಯೋಗ್ಯತೆ ಗೊತ್ತಾಗುತ್ತದೆ.

ಇಷ್ಟಾದರೂ ಒಂದೆರಡು ಕಡೆ ‘ಟಕ್’ ಉಳಿಯಬಹುದು. ಅವನ್ನು ಅಳಿಸಿ ಅಲೆಯನ್ನು ಹೊಂದಿಸುವ ಸಾಧನಗಳು ಇಂದು ಉಂಟು. ಅವನ್ನು ಬಳಸುವಾಗ ಸಂಪಾದಕನ ಶಿಸ್ತನ್ನು ಮರೆಯಬಾರದು. ಓಲೆಯ ಮೇಲೆ ಯಾವ ಸಂಪಾದಕನೂ ತಿದ್ದುವುದಿಲ್ಲ. ತನ್ನ ಪ್ರತಿಯಲ್ಲಿ ತಿದ್ದುತ್ತಾನೆ. ಮೂಲ ಮುದ್ರಣವನ್ನು ಹಾಗೆಯೇ ಎರಡು ಬೇರೆ ಬೇರೆ ಕಡೆಗಳಲ್ಲಿ ಕಾಪಿಟ್ಟು, ತಿದ್ದುವುದನ್ನು ನಕಲಿನಲ್ಲಿ ಮಾಡಬೇಕು. ನಮಗಿಂತ ಸೂಕ್ಷ್ಮವಾದ ಉಪಕರಣ, ನಮಗಿಂತ ನುರಿತ ಕಿವಿ ನಾಳೆ ಬರಬಹುದು. ಆಗ ಅವರ ಕೈಗೆ ಸಿಗಬೇಕಾದದ್ದು ನಮ್ಮ ತಿದ್ದುಪಡಿಯಲ್ಲ, ಅಜ್ಜಿಯ ದನಿ.