ಕೊಪ್ಪಳ ಜಿಲ್ಲೆಯ ಜನಜೀವನ ಮತ್ತು ಮೂರು ಸಂಶೋಧನಾ ಕ್ಷೇತ್ರಗಳು

1997ರಲ್ಲಿ ರಾಯಚೂರು ಜಿಲ್ಲೆಯಿಂದ ಪ್ರತ್ಯೇಕಗೊಂಡ ಕೊಪ್ಪಳ ಜಿಲ್ಲೆಯು ಆರಂಭದಲ್ಲಿ ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ಎಂಬ ನಾಲ್ಕು ತಾಲ್ಲೂಕುಗಳನ್ನು ಒಳಗೊಂಡಿತ್ತು. ಉನ್ನತ ಸಂಶೋಧನೆಗಾಗಿ ಇಲ್ಲಿನ ವಿದ್ಯಾರ್ಥಿಗಳು ಬಹುಕಾಲ ಕಲಬುರಗಿ, ಬಳ್ಳಾರಿ, ಧಾರವಾಡಗಳಿಗೆ ತೆರಳಬೇಕಾಗಿತ್ತು. 2015ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಹಾಗೂ 2023ರಲ್ಲಿ ಕೊಪ್ಪಳ ವಿಶ್ವವಿದ್ಯಾಲಯವು ಜಿಲ್ಲೆಯಲ್ಲಿ ಆರಂಭಗೊಂಡವು. ವಸ್ತು ರಸಾಯನಶಾಸ್ತ್ರ, ವೈದ್ಯಕೀಯ ಚಿತ್ರಣ ಮತ್ತು ಡಿಜಿಟಲ್ ತೆರಿಗೆ ಎಂಬ ಮೂರು ಸಂಶೋಧನಾ ಕ್ಷೇತ್ರಗಳು ಮೇಲ್ನೋಟಕ್ಕೆ ಪರಸ್ಪರ ಸಂಬಂಧವಿಲ್ಲದವುಗಳಾಗಿ ತೋರುತ್ತವೆ. ಆದರೆ ಯಂತ್ರವು ನೀಡುವ ಅಂಕಿಯನ್ನು ಸರಿಯಾಗಿ ಓದುವುದು ಹೇಗೆ ಎಂಬುದೇ ಈ ಮೂರರಲ್ಲೂ ಮುಖ್ಯ ಪ್ರಶ್ನೆಯಾಗಿದ್ದು, ಜಿಲ್ಲೆಯ ಜನರಿಗೆ ಅದರ ಉತ್ತರ ನೇರವಾಗಿ ಸಂಬಂಧಿಸಿದೆ.

ಗಂಗಾವತಿ ಭಾಗದ ಬಹಳಷ್ಟು ಜಮೀನು ತುಂಗಭದ್ರಾ ಎಡದಂಡೆ ಕಾಲುವೆಯಿಂದ ನೀರು ಪಡೆಯುತ್ತದೆ. ಕುಷ್ಟಗಿ ಮತ್ತು ಯಲಬುರ್ಗಾ ಭಾಗದ ಸ್ಥಿತಿ ಬೇರೆ. ಮಳೆ ಕಡಿಮೆ ಇರುವ ಈ ಪ್ರದೇಶದ ಹಳ್ಳಿಗಳು ದೀರ್ಘಕಾಲ ಕೊಳವೆಬಾವಿಗಳನ್ನೇ ನೆಚ್ಚಿಕೊಂಡಿದ್ದವು. ಗ್ರಾನೈಟ್ ಹಾಗೂ ನೈಸ್ ಶಿಲೆಗಳಲ್ಲಿ ಫ್ಲೋರೈಡ್ ಉಳ್ಳ ಖನಿಜಗಳಿರುತ್ತವೆ. ನೀರು ಆಳದ ಬಿರುಕುಗಳಲ್ಲಿ ಹೆಚ್ಚು ಕಾಲ ನಿಂತಷ್ಟೂ ಫ್ಲೋರೈಡ್ ಅದರಲ್ಲಿ ಕರಗುತ್ತದೆ. ನೀರಿನಲ್ಲಿ ಸುಣ್ಣದ ಅಂಶ ಕಡಿಮೆಯಿದ್ದು ಕ್ಷಾರತೆ ಹೆಚ್ಚಿದ್ದರೆ ಇನ್ನೂ ಸುಲಭವಾಗಿ ಕರಗುತ್ತದೆ. ಭಾರತೀಯ ಮಾನಕದಂತೆ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಪ್ರಮಾಣ ಲೀಟರಿಗೆ 1.0 ಮಿಲಿಗ್ರಾಂ ಇರಬಹುದು. ಬೇರೆ ನೀರಿನ ಮೂಲ ಇಲ್ಲದಿದ್ದಲ್ಲಿ 1.5 ಮಿಲಿಗ್ರಾಂ ಅಂತಿಮ ಮಿತಿ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನೀರು ತಿಳಿಯಾಗಿದೆ ಎಂದ ಮಾತ್ರಕ್ಕೆ ಶುದ್ಧವೆಂದು ತಿಳಿಯಲಾಗದು. ಕಾಯಿಸಿದರೆ ಫ್ಲೋರೈಡ್ ಹೋಗುತ್ತದೆ ಎಂಬ ನಂಬಿಕೆಯೂ ಸರಿಯಲ್ಲ. ನೀರು ಆವಿಯಾಗಿ ಉಳಿದುದರಲ್ಲಿ ಅದರ ಸಾಂದ್ರತೆ ಹೆಚ್ಚುತ್ತದೆ.

ಇಲ್ಲಿಯೇ ವಸ್ತು ರಸಾಯನಶಾಸ್ತ್ರದ ಪ್ರವೇಶ. ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆಯು ರೂಪಿಸಿದ ನಲಗೊಂಡ ವಿಧಾನದಲ್ಲಿ ಪಟಿಕ, ಸುಣ್ಣ ಮತ್ತು ಬ್ಲೀಚಿಂಗ್ ಪೌಡರ್ ಬೆರೆಸಿ ಫ್ಲೋರೈಡನ್ನು ತಳಕ್ಕೆ ಇಳಿಸಲಾಗುತ್ತದೆ. ಸಕ್ರಿಯ ಅಲ್ಯೂಮಿನಾ ಎಂಬ ಸೂಕ್ಷ್ಮ ರಂಧ್ರಗಳ ಹರಳು ಫ್ಲೋರೈಡನ್ನು ತನ್ನ ಮೇಲ್ಮೈಗೆ ಅಂಟಿಸಿಕೊಳ್ಳುತ್ತದೆ. ಆದರೆ ಅದು ತುಸು ಆಮ್ಲೀಯ ನೀರಿನಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಕ್ಷಾರೀಯ ನೀರಿನಲ್ಲಿ ಅದರ ಸಾಮರ್ಥ್ಯ ಕುಗ್ಗುತ್ತದೆ. ಫ್ಲೋರೈಡ್ ಹೆಚ್ಚಿರುವ ನೀರು ಸಾಮಾನ್ಯವಾಗಿ ಕ್ಷಾರೀಯವೇ ಆಗಿರುವುದು ದುರದೃಷ್ಟಕರ. ಅಲ್ಲದೆ ಹರಳು ತುಂಬಿದಾಗ ಅದನ್ನು ಕ್ಷಾರದಿಂದಲೂ ಆಮ್ಲದಿಂದಲೂ ತೊಳೆದು ಪುನಃ ಸಿದ್ಧಗೊಳಿಸಬೇಕು. ಹಳ್ಳಿಯಲ್ಲಿ ಈ ಕೆಲಸವನ್ನು ಯಾರು, ಎಷ್ಟು ದಿನಕ್ಕೊಮ್ಮೆ ಮಾಡಬೇಕು ಎಂಬುದು ಪ್ರಯೋಗಾಲಯದಲ್ಲಿ ಬಗೆಹರಿಯುವ ಪ್ರಶ್ನೆಯಲ್ಲ. ವಿಲೋಮ ಪರಾಸರಣ, ಅಂದರೆ ಆರ್‌ಒ ಘಟಕವು ಫ್ಲೋರೈಡನ್ನು ಬೇರ್ಪಡಿಸುತ್ತದೆಯಾದರೂ ಹೊರಬಿಡುವ ತ್ಯಾಜ್ಯ ನೀರಿನಲ್ಲಿ ಅದು ಮತ್ತಷ್ಟು ಸಾಂದ್ರವಾಗಿರುತ್ತದೆ. ಆ ನೀರನ್ನು ದನಗಳ ತೊಟ್ಟಿಗೆ ಬಿಡುವುದು ಸೂಕ್ತವಲ್ಲ.

ಇಂತಹ ನೀರನ್ನು ಹಲವು ವರ್ಷ ಕುಡಿದವರ ಬೆನ್ನುಮೂಳೆ, ಸೊಂಟದ ಮೂಳೆಗಳು ಎಕ್ಸ್‌-ರೇ ಚಿತ್ರದಲ್ಲಿ ಹೆಚ್ಚು ಬಿಳಿಯಾಗಿ, ದಟ್ಟವಾಗಿ ಕಾಣುತ್ತವೆ. ಮುಂಗೈಯ ಎರಡು ಮೂಳೆಗಳ ನಡುವಿನ ಪೊರೆ ಸುಣ್ಣಗಟ್ಟಿರುವುದು ಫ್ಲೋರೋಸಿಸ್‌ನ ಮುಖ್ಯ ಲಕ್ಷಣವಾಗಿದೆ. ಭಾರತದಲ್ಲಿ ಮೂಳೆಯ ಈ ರೋಗವು ಮೊದಲು ವರದಿಯಾದುದು 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಿಂದ. ಗಮನಿಸಬೇಕಾದ ಅಂಶವೆಂದರೆ, ಮೂಳೆ ಸಾಂದ್ರತೆ ಅಳೆಯುವ ಯಂತ್ರವು ಇಂತಹವರಲ್ಲಿ ಹೆಚ್ಚಿನ ಅಂಕಿಯನ್ನು ತೋರಿಸಬಹುದು. ಅಂಕಿ ಹೆಚ್ಚಿದರೂ ಮೂಳೆ ಗಟ್ಟಿಯಾಗಿದೆ ಎಂದರ್ಥವಲ್ಲ. ಕುಡಿಯುವ ನೀರು ಹಾಗೂ ಮೂತ್ರದಲ್ಲಿನ ಫ್ಲೋರೈಡ್ ಪರೀಕ್ಷೆಗಳೊಂದಿಗೆ ಚಿತ್ರವನ್ನು ಓದಿದಾಗ ಮಾತ್ರ ತೀರ್ಮಾನಕ್ಕೆ ಬರಬಹುದು. ಬಾಗಿದ ಬೆನ್ನನ್ನು ಮೊದಲಿನಂತೆ ಮಾಡುವ ಔಷಧಿ ಇಲ್ಲ. ಎಕ್ಸ್‌-ರೇ ಚಿತ್ರದಲ್ಲಿ ಕಾಣುವ ಹೊತ್ತಿಗೆ ತಡವಾಗಿರುತ್ತದೆ. ಶಾಲಾ ಮಕ್ಕಳ ಹಲ್ಲಿನ ಮೇಲಿನ ಬಿಳಿ ಅಥವಾ ಕಂದು ಮಚ್ಚೆಗಳನ್ನು ಕಂಡಾಗಲೇ ಆ ಊರಿನ ನೀರನ್ನು ಪರೀಕ್ಷಿಸುವುದು ಹೆಚ್ಚು ಉಪಯುಕ್ತ.

ಅಂಕಿಯನ್ನು ತಪ್ಪಾಗಿ ಓದುವ ಇದೇ ತೊಂದರೆಯು ತೆರಿಗೆ ಕ್ಷೇತ್ರದಲ್ಲಿ 2025ರ ಜುಲೈನಲ್ಲಿ ಕಂಡುಬಂದಿತು. ಯುಪಿಐ ಮೂಲಕ ಸ್ವೀಕೃತವಾದ ಹಣದ ಆಧಾರದ ಮೇಲೆ ರಾಜ್ಯದ ಸಾವಿರಾರು ಸಣ್ಣ ವರ್ತಕರಿಗೆ ವಾಣಿಜ್ಯ ತೆರಿಗೆ ನೋಟಿಸುಗಳು ತಲುಪಿದವು. ತರಕಾರಿ, ಹಾಲು ಮಾರುವವರೂ ಅವರಲ್ಲಿದ್ದುದರಿಂದ ಅನೇಕರು ಕ್ಯೂಆರ್ ಫಲಕಗಳನ್ನು ತೆಗೆದು ನಗದಿಗೆ ಮರಳಿದರು. ಸರಕುಗಳ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ, ಸೇವೆಗಳಾದರೆ 20 ಲಕ್ಷ ರೂಪಾಯಿ ಮೀರಿದಾಗ ಜಿಎಸ್‌ಟಿ ನೋಂದಣಿ ಅಗತ್ಯ. ಆದರೆ ಕೇವಲ ವಿನಾಯಿತಿ ಇರುವ ಸರಕುಗಳನ್ನೇ ಮಾರುವವರಿಗೆ ಇದು ಅನ್ವಯಿಸದು. ಎರಡೂ ಬಗೆಯ ಸರಕು ಮಾರುವವರ ಮಿತಿಯನ್ನು ಲೆಕ್ಕ ಹಾಕುವಾಗ ಮಾತ್ರ ವಿನಾಯಿತಿ ವಹಿವಾಟೂ ಸೇರುತ್ತದೆ.

ಗಂಗಾವತಿಯ ಅಕ್ಕಿ ವ್ಯಾಪಾರವನ್ನೇ ನೋಡಬಹುದು. 2022ರ ಜುಲೈ 18ರಿಂದ ಮುದ್ರಿತ ಚೀಟಿ ಸಹಿತ 25 ಕಿಲೋವರೆಗಿನ ಅಕ್ಕಿ ಪೊಟ್ಟಣಕ್ಕೆ ಶೇ. 5 ತೆರಿಗೆ ವಿಧಿಸಲಾಯಿತು. ಬಿಡಿಯಾಗಿ ಅಳೆದು ಮಾರುವ ಅಕ್ಕಿಗೆ ತೆರಿಗೆಯಿಲ್ಲ. ಬ್ಯಾಂಕ್ ಖಾತೆಯಲ್ಲಿ ಎರಡೂ ಒಂದೇ ಬಗೆಯ ಜಮೆಯಾಗಿ ಕಾಣುತ್ತವೆ. ಮನೆಯವರು ಕಳುಹಿಸಿದ ಹಣ, ಕೈಸಾಲ ಮರುಪಾವತಿಗಳೂ ಅದರಲ್ಲೇ ಬೆರೆತಿರುತ್ತವೆ. ಡಿಜಿಟಲ್ ತೆರಿಗೆಯ ಅಧ್ಯಯನವೆಂದರೆ ವಿದೇಶಿ ಅಂತರ್ಜಾಲ ಸಂಸ್ಥೆಗಳ ಮೇಲೆ 2016ರಲ್ಲಿ ಜಾರಿಗೆ ಬಂದು 2025ರಲ್ಲಿ ಕೊನೆಗೊಂಡ ಸಮೀಕರಣ ಶುಲ್ಕದಂತಹ ವಿಷಯಗಳೆಂದು ಭಾವಿಸುವವರುಂಟು. ಗಂಗಾವತಿಯ ಕಿರಾಣಿ ಅಂಗಡಿಯ ಖಾತೆಯೂ ವಾಣಿಜ್ಯ ಸಂಶೋಧಕರಿಗೆ ಅಷ್ಟೇ ಯೋಗ್ಯವಾದ ವಿಷಯ. ವರ್ತಕರು ವ್ಯಾಪಾರಕ್ಕೆ ಪ್ರತ್ಯೇಕ ಬ್ಯಾಂಕ್ ಖಾತೆ ಇಟ್ಟುಕೊಂಡು ಖರೀದಿ ಹಾಗೂ ಮಾರಾಟದ ಬಿಲ್ಲುಗಳನ್ನು ಕಾಪಾಡಿಕೊಂಡಲ್ಲಿ, ನೋಟಿಸು ಬಂದಾಗ ಯಾವ ಜಮೆ ಯಾವುದೆಂದು ತೋರಿಸಲು ಸಾಧ್ಯವಾಗುತ್ತದೆ.