ಕಾಂಗರೂ ಮತ್ತು ಕೆರೆನೀರಿನ ಅಣುಜೀವಿ

ಸೃಷ್ಟಿಯ ವೈವಿಧ್ಯವನ್ನು ಅರಿಯಬೇಕಾದರೆ ಎರಡು ಜೀವಿಗಳನ್ನು ಎದುರುಬದುರಾಗಿ ನಿಲ್ಲಿಸಿ ನೋಡುವುದು ಒಳ್ಳೆಯ ಕ್ರಮ. ಒಂದು, ಆಸ್ಟ್ರೇಲಿಯದ ಬಯಲುಗಳಲ್ಲಿ ಕುಪ್ಪಳಿಸುವ ಕೆಂಪು ಕಾಂಗರೂ. ಇನ್ನೊಂದು, ಸಿಹಿನೀರಿನಲ್ಲಿ ವಾಸಿಸುವ ಕಾಲೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯ.

ಗಂಡು ಕಾಂಗರೂ 85 ಕಿಲೋಗ್ರಾಂ ವರೆಗೂ ತೂಗಬಲ್ಲದು. ಅದರ ಶರೀರದಲ್ಲಿ ಎಣಿಕೆಗೆ ಸಿಗದಷ್ಟು ಜೀವಕೋಶಗಳಿವೆ. ಕಾಲೋಬ್ಯಾಕ್ಟರಿಗಾದರೋ ಇಡೀ ಶರೀರವೇ ಒಂದು ಜೀವಕೋಶ. ಅಂಥ 300ಕ್ಕೂ ಹೆಚ್ಚು ಜೀವಿಗಳನ್ನು ಸಾಲಾಗಿ ಜೋಡಿಸಿದರೆ ಒಂದು ಮಿಲಿಮೀಟರ್ ಉದ್ದವಾದೀತು.

ಸಂತಾನದ ವಿಷಯದಲ್ಲಿ ಇವುಗಳ ಅಂತರ ಮತ್ತೂ ಸೋಜಿಗದ್ದು. ಕಾಂಗರೂವಿನ ಗರ್ಭಾವಧಿ ಸುಮಾರು 33 ದಿನ ಮಾತ್ರ. ಹುಟ್ಟಿದ ಮರಿ ಒಂದು ಗ್ರಾಂ ಕೂಡ ತೂಗದು; ಕಣ್ಣು ತೆರೆದಿರುವುದಿಲ್ಲ. ಆದರೂ ಅದು ತಾಯಿಯ ರೋಮವನ್ನು ಹಿಡಿದು ತಾನಾಗಿಯೇ ತೆವಳಿ, ಹೊಟ್ಟೆಯ ಮೇಲಿನ ಚೀಲವನ್ನು ಸೇರಿ, ಮೊಲೆಯನ್ನು ಕಚ್ಚಿಕೊಳ್ಳುತ್ತದೆ. ಸುಮಾರು ಎಂಟು ತಿಂಗಳು ಆ ಚೀಲವೇ ಅದರ ತೊಟ್ಟಿಲು.

ಕಾಲೋಬ್ಯಾಕ್ಟರಿಗೆ ತಾಯಿಯೂ ಇಲ್ಲ, ತೊಟ್ಟಿಲೂ ಇಲ್ಲ. ತೊಟ್ಟಿನಂಥ ಕಾಲನ್ನೂರಿ ಕಲ್ಲಿಗೋ ಎಲೆಗೋ ಅಂಟಿಕೊಂಡಿರುವ ಜೀವಿ ಬೆಳೆದು ಎರಡಾಗುತ್ತದೆ. ಒಂದು ಪಾಲು ಅಲ್ಲಿಯೇ ಉಳಿಯುವುದು. ಇನ್ನೊಂದು, ಬಾಲದಂಥ ಎಳೆಯನ್ನು ಬೀಸುತ್ತಾ ಈಜಿಹೋಗುವುದು. ಅದು ಬಾಲವನ್ನು ಕಳಚಿ, ಹೊಸ ನೆಲೆಯಲ್ಲಿ ಕಾಲೂರಿದ ಬಳಿಕವಷ್ಟೇ ತಾನೂ ವಿಭಜನೆಗೊಳ್ಳಬಲ್ಲದು.

ಇಷ್ಟು ಭಿನ್ನವಾದರೂ ಇವು ಪೂರ್ತಿ ಅನ್ಯವಲ್ಲ. ಎರಡರ ವಂಶಗುಣಗಳೂ ಡಿ.ಎನ್.ಎ. ಎಂಬ ಒಂದೇ ವಸ್ತುವಿನಲ್ಲಿ, ನಾಲ್ಕೇ ಅಕ್ಷರಗಳ ಒಂದೇ ಲಿಪಿಯಲ್ಲಿ ಬರೆದಿವೆ. ನಮ್ಮ ಶರೀರದ ಲಿಪಿಯೂ ಅದೇ.

ಈ ತಿಳಿವಳಿಕೆ ನಮ್ಮ ಮನೆಯಂಗಳಕ್ಕೂ ಸಲ್ಲುವಂಥದು. ಎರಡು ಗಂಟೆಗೊಮ್ಮೆ ಎರಡಾಗುವ ಒಂದು ಅಣುಜೀವಿ, ಆಹಾರಕ್ಕೆ ಕೊರತೆಯಿಲ್ಲದಿದ್ದರೆ, ಒಂದು ದಿನದಲ್ಲಿ 4,096 ಆಗುತ್ತದೆ. ತಿಳಿನೀರಿನಲ್ಲಿ ಆಹಾರ ಕಡಿಮೆ. ಆದುದರಿಂದ ಈ ವೃದ್ಧಿಗೆ ತಡೆಯುಂಟು. ಕೊಳೆ ಸೇರಿದರೆ ಆ ತಡೆ ತಪ್ಪುವುದು. ಕೊಳೆಯೊಡನೆ ರೋಗಾಣುಗಳೂ ಬರಬಹುದು. ಕಾಸರಗೋಡಿನ ಮುರಕಲ್ಲಿನ ಗುಡ್ಡಗಳಲ್ಲಿ ಹಿರಿಯರು ಕೊರೆದ ಸುರಂಗಗಳಿಂದ ಒಸರುವ ನೀರು ಎಷ್ಟೇ ತಿಳಿಯಾಗಿರಲಿ, ಅದನ್ನು ತುಂಬಿಡುವ ತೊಟ್ಟಿ ಶುಚಿಯಾಗಿರದಿದ್ದರೆ ಫಲವೇನು?

ಕಾಲೋಬ್ಯಾಕ್ಟರ್ ನಮಗೆ ಸಾಮಾನ್ಯವಾಗಿ ಕೇಡು ಮಾಡದು. ಆದರೆ ಇಲಿಜ್ವರವನ್ನು ತರುವ ಲೆಪ್ಟೋಸ್ಪೈರ ಎಂಬ ಬ್ಯಾಕ್ಟೀರಿಯ, ಇಲಿ ದನಗಳ ಮೂತ್ರದೊಡನೆ ಗದ್ದೆತೋಟಗಳ ನಿಂತ ನೀರನ್ನು ಸೇರಿ, ಕಾಲಿನ ಗಾಯದ ಮೂಲಕ ಶರೀರವನ್ನು ಹೊಗುತ್ತದೆ. ಆದುದರಿಂದ ಮಳೆಗಾಲದಲ್ಲಿ ಗಾಯವನ್ನು ಮುಚ್ಚದೆ ನಿಂತ ನೀರಿಗಿಳಿಯಬಾರದು. ಕುಡಿಯುವ ನೀರನ್ನು ಕುದಿಸಿ ಆರಿಸಬೇಕು. ಜ್ವರ ಬಂದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು.

ಕಾಂಗರೂ ತನ್ನ ಮರಿಯನ್ನು ಚೀಲದಲ್ಲಿಟ್ಟು ಕಾಯುತ್ತದೆ. ಮನುಷ್ಯನಿಗೆ ಅಂಥ ಚೀಲವಿಲ್ಲ. ಶುಚಿಯಾದ ನೀರು, ಶುಚಿಯಾದ ಮನೆ, ಮಕ್ಕಳಿಗೆ ಕೊಡುವ ವಿದ್ಯೆ, ಇವೇ ಅವನು ಹೊಲಿದುಕೊಳ್ಳಬೇಕಾದ ಚೀಲ.