ಎಂಜಿನಿನ ಕುಲನಾಮ

ಊರಿಗೆ ಹೊರಟಾಗ ನಾವು ಬೋಗಿಯ ಸಂಖ್ಯೆ ನೋಡುತ್ತೇವೆ, ಬರ್ತಿನ ಸಂಖ್ಯೆ ನೋಡುತ್ತೇವೆ. ಅಷ್ಟು ದೂರ ನಮ್ಮನ್ನು ಎಳೆದೊಯ್ಯುವ ಎಂಜಿನಿನ ಹೆಸರನ್ನು ಮಾತ್ರ ಓದುವುದಿಲ್ಲ. ರೈಲಿನ ಹುಚ್ಚು ಹಿಡಿದವರಾದರೋ ಮೊದಲು ನೋಡುವುದೇ ಅದನ್ನು.

‘ಡಬ್ಲ್ಯುಡಿಎಂ-2’ ಎಂಬುದನ್ನೇ ತೆಗೆದುಕೊಳ್ಳೋಣ. ಮೊದಲ ಅಕ್ಷರ ಹಳಿಯದು: ಡಬ್ಲ್ಯು ಎಂದರೆ ಬ್ರಾಡ್‌ಗೇಜ್, ವೈ ಎಂದರೆ ಮೀಟರ್‌ಗೇಜ್. ಡಿ ಎಂದರೆ ಡೀಸೆಲ್. ಮೂರನೆಯದು ಅದರ ಕಸುಬು: ಪಿ ಪ್ರಯಾಣಿಕರಿಗೆ, ಜಿ ಸರಕಿಗೆ, ಎಂ ಎರಡಕ್ಕೂ, ಎಸ್ ಯಾರ್ಡಿನ ಶಂಟಿಂಗಿಗೆ.

ತೊಡಕಿರುವುದು ಅಂಕಿಯಲ್ಲಿ. ಹಿಂದೆ ಅದು ಮಾದರಿಗಳ ಕ್ರಮವನ್ನಷ್ಟೇ ಹೇಳುತ್ತಿತ್ತು. 1962ರಲ್ಲಿ ಅಮೆರಿಕೆಯಿಂದ ಬಂದ ಡಬ್ಲ್ಯುಡಿಎಂ-2ರ ಬಲ 2600 ಅಶ್ವಶಕ್ತಿ. ಈ ಶತಮಾನದ ಆರಂಭದಲ್ಲಿ ನಿಯಮ ಬದಲಾಯಿತು. ಅಂಕಿ ಸಾವಿರವನ್ನೂ ಅದರ ಮುಂದಿನ ಅಕ್ಷರ ನೂರನ್ನೂ ಸೂಚಿಸತೊಡಗಿತು; ಡಬ್ಲ್ಯುಡಿಎಂ-3ಎ ಎಂದರೆ 3100. ಆದರೆ ನಿಯಮವಿದ್ದಲ್ಲಿ ಅಪವಾದವೂ ಉಂಟಷ್ಟೆ! ಡಬ್ಲ್ಯುಡಿಪಿ-4ಡಿ ಲೆಕ್ಕದಂತೆ 4400 ಆಗಬೇಕು. ಅದರ ಬಲ 4500. ರೈಲುಪ್ರಿಯರ ಚರ್ಚೆಗೆ ಇಷ್ಟು ಸಾಲದೆ?

ಮುಂಬಯಿಯಿಂದ ಬಂದು ಮಿರಜಿನಲ್ಲಿ ಇಳಿದು, ಗಂಟುಮೂಟೆ ಹೊತ್ತು ಮೀಟರ್‌ಗೇಜ್ ಗಾಡಿಗೆ ಓಡಿದ ಹಿರಿಯರು ನಮ್ಮ ಮನೆಗಳಲ್ಲಿದ್ದಾರೆ. ವೈ ಎಂಬ ಅಕ್ಷರದಲ್ಲಿ ಆ ಓಟವೇ ಅಡಗಿದೆ. 1990ರ ದಶಕದಲ್ಲಿ ಹುಬ್ಬಳ್ಳಿಯ ಹಾದಿ ಅಗಲವಾಗಿ ವೈ ಮರೆಯಾಯಿತು. ಈಗ ಹಳಿಯ ಮೇಲೆ ವಿದ್ಯುತ್ ತಂತಿ ಹಬ್ಬುತ್ತಿದ್ದಂತೆ ಡಿ ಕೂಡ ಹಿಂದೆ ಸರಿಯುತ್ತಿದೆ.

ಮುಂದಿನ ಸಲ ಊರಿಗೆ ಹೊರಟಾಗ ಐದು ನಿಮಿಷ ಮೊದಲೇ ಹೋಗೋಣ. ಮಕ್ಕಳ ಕೈಹಿಡಿದು ಎಂಜಿನಿನವರೆಗೆ ನಡೆದು, ಆ ಹೆಸರನ್ನು ಅವರಿಂದಲೇ ಓದಿಸೋಣ.